ಪಿಕಪ್ಪಿನ ಮೈಲೇಜು, ತಮ್ಮನ ನಿಟ್ಟುಸಿರು

ಮಾರ್ಚ್ ೧೪, ಗುರುವಾರ

ನಮ್ಮ ಹಳೇ ಪಿಕಪ್ಪು ಲೀಟರಿಗೆ ಏಳೇ ಕಿಲೋಮೀಟರ್ ಕೊಡುತ್ತಿದ್ದುದರ ಗುಟ್ಟು ಇಂದು ರಟ್ಟಾಯಿತು. ಏರ್ ಫಿಲ್ಟರ್ ಬದಲಿಸಿದ್ದೆ, ಟೈರಿಗೆ ಗಾಳಿ ತುಂಬಿಸಿದ್ದೆ, ಹಿಂದಿನ ಸಾಮಾನೆಲ್ಲ ಇಳಿಸಿ ಅದನ್ನು ಪಥ್ಯಕ್ಕೇ ಹಾಕಿದ್ದೆ. ಮಹಾಶಯ ಜಗ್ಗಿರಲಿಲ್ಲ.

ಮೆಕ್ಯಾನಿಕ್ ಬಗ್ಗಿ ನೋಡಿ ನಕ್ಕ. "ಮೀಟರ್ ಕೇಬಲ್ಲಿನ ನಟ್ಟು ಸವೆದುಹೋಗಿದೆ ಸಾರ್. ಯಾರೋ ಬಿಚ್ಚಿಟ್ಟು ಓಡಿಸಿ, ಆಮೇಲೆ ಹಾಕ್ತಾರೆ. ಡೀಸೆಲ್ ಖರ್ಚಾಗುತ್ತೆ, ಕಿಲೋಮೀಟರ್ ಏರಲ್ಲ."

ಇನ್ನೊಂದು ಕೀ ಇರುವುದು ತಮ್ಮನ ಬಳಿ. ಕೇಳಿದೆ.

"ಕೇಳಿದ್ರೆ ನೀನೆಲ್ಲಿ ಗಾಡಿ ಕೊಡ್ತಿದ್ದೆ ಅಣ್ಣ?" ಎಂದ.

ಕೊಡುತ್ತಿರಲಿಲ್ಲ, ನಿಜ. ಆದರೆ ಭಾನುವಾರ ಇದೇ ತಮ್ಮ ನನ್ನ ಜೊತೆ ಗಾಡಿಯಡಿ ಮಲಗಿ, ಟಾರ್ಚು ಹಿಡಿದು, ಎರಡು ಗಂಟೆ ಡೀಸೆಲ್ ಸೋರಿಕೆ ಹುಡುಕಿದ. "ಎಲ್ಲೂ ಕಾಣ್ತಿಲ್ಲ ಅಣ್ಣ" ಎಂದು ನಿಟ್ಟುಸಿರು ಬೇರೆ ಬಿಟ್ಟ. ಪಾಪ ಎನಿಸಿ, ನಾನೇ ಅವನಿಗೆ ಸಮಾಧಾನ ಹೇಳಿದೆ.