ರಿಮೋಟಿನ ಮೇಲೆ ಇಂಟು ಗುರುತು

ಅಂಗಡಿ ಮಹಡಿಯ ಮನೆ,
ಭಾನುವಾರ, ಮಾರ್ಚ್ ಒಂಬತ್ತು

ಪ್ರೀತಿಯ ಪುಟ್ಟೀ,

ಮಗು ಹೇಗಿದೆ? ನಿನ್ನ ಮಗಳು ಎದ್ದು ಓಡಾಡ್ತಿದ್ದಾಳಾ? ಹೊಟ್ಟೆ ಕೊಯ್ದು ತೆಗೆದಿದ್ದಾರೆ ಅಂದ್ಯಲ್ಲ, ಭಾರ ಎತ್ತೋಕೆ ಬಿಡಬೇಡ. ನಿನ್ನ ಮಂಡಿನೋವು ಏನಂತು? ಮೊಮ್ಮಗಳು ಬಂದ ಖುಷಿಯಲ್ಲಿ ನಿನ್ನ ಮಾತ್ರೆ ಮರೆತಿರ್ತೀಯ, ನನಗೆ ಗೊತ್ತಿಲ್ವಾ ನಿನ್ನ ಕಥೆ. ಮೊದಲು ಅದನ್ನ ನುಂಗು, ಆಮೇಲೆ ಇದನ್ನ ಓದು. ಅಕ್ಷರ ನೋಡಿ ಅಕ್ಕ ಯಾರ ಕೈಲಿ ಬರೆಸಿದ್ದಾಳೆ ಅಂತ ಯೋಚನೆ ಮಾಡಬೇಡ. ನಾನೇ ಬರೆದಿದ್ದು ಕಣೇ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅಳೋಕೆ ಶುರು ಮಾಡ್ತೀಯ, ನೀನು ಅತ್ತರೆ ನಾನು ಕರಗ್ತೀನಿ, ಚಿಕ್ಕಂದಿನಿಂದ ಇದೇ ಆಗಿದೆ. ಈ ಸಲ ನನಗೆ ಕರಗೋಕೆ ಇಷ್ಟ ಇಲ್ಲ.

ನೀನು ಹೊರಟ ದಿನದ ಗಡಿಬಿಡಿ ನೆನಪಿದೆಯಾ? ಹಿಂದಿನ ದಿನ ತಾನೇ ನನ್ನನ್ನ ಆಸ್ಪತ್ರೆಗೆ ಕರಕೊಂಡು ಹೋಗಿದ್ದೆ. ಕೈ ನಡುಕ ಮತ್ತೆ ಹೆಚ್ಚಾಗಿದೆ ಅಂತ ಅವರು ನನ್ನ ಎದೆಯೊಳಗಿನ ಡಬ್ಬಿಯಿಂದ ತಲೆಯ ತಂತಿಗೆ ಹೋಗೋ ಕರೆಂಟು ಏರಿಸಿ ಕಳಿಸಿದರು. ಬೆಳಗಾದರೆ ನಿನ್ನ ಮಗಳಿಗೆ ನೋವು ಬಂತು ಅಂತ ಫೋನು. ನೀನು ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಓಡಿದೆ. ಓಡೋ ಮುಂಚೆ ನಮ್ಮ ಹೊಲಿಗೆ ಅಂಗಡಿಯಲ್ಲಿ ಗುಂಡಿ, ಕಾಜಾ ಹಾಕೋ ಗುಂಡಿಯಮ್ಮನನ್ನ ಮೂಲೆಗೆ ಕರೆದು ಎದೆಗೆ ಹಿಡಿದು ಆ ಕರೆಂಟು ಏರಿಳಿಸೋ ರಿಮೋಟಿನ ಚೀಲ ಕೊಟ್ಟೆ. ನಾನು ನೋಡಿದೆ. ನೋಡಿ, ಪಾಪ, ಇಷ್ಟು ಅವಸರದಲ್ಲೂ ಅಕ್ಕನ ಚಿಂತೆ ಬಿಟ್ಟಿಲ್ಲ ಅಂತ ಕಣ್ಣೊರೆಸಿಕೊಂಡೆ. ಥೂ, ನನ್ನ ಬುದ್ಧಿಗಿಷ್ಟು!

ಆಮೇಲೆ ಏನಾಯ್ತು ಕೇಳು. ಎರಡು ದಿನ ಕಳೆಯೋದರಲ್ಲಿ ಕೈ ನಡುಕ ನಿಂತಿತು. ಲೋಟ ಎತ್ತಿದೆ, ತುಳುಕಲಿಲ್ಲ. ಸೂಜಿಗೆ ದಾರ ಪೋಣಿಸಿದೆ, ಒಂದೇ ಸಲಕ್ಕೆ ಹೋಯ್ತು. ತಲೆ ಕೊರೆದು ತಂತಿ ಇಳಿಸಿದ ದಿನ ಹೀಗೇ ಆಗಿತ್ತಲ್ಲ? ಎಚ್ಚರವಾಗಿದ್ದಾಗಲೇ ನನ್ನ ಕೈಗೆ ಪೆನ್ನು ಕೊಟ್ಟು ಸುರುಳಿ ಬರಿ ಅಂದಿದ್ದರು, ಕರೆಂಟು ಬಿಟ್ಟ ತಕ್ಷಣ ಗೀರು ನೆಟ್ಟಗಾಯ್ತು, ಹೊರಗೆ ಬಂದು ನಿನಗೆ ತೋರಿಸಿದರೆ ನೀನು ನನಗಿಂತ ಹೆಚ್ಚು ಅತ್ತೆ. ಆ ಸಂತೋಷ ಒಂದು ವರ್ಷವೂ ಬಾಳಲಿಲ್ಲ. ನಡುಕ ತಿರುಗಿ ಬಂತು. ಕಾಯಿಲೆ ಮುಂದುವರಿದಿದೆಯಂತೆ ಅಕ್ಕ, ಡಾಕ್ಟರು ತಾನೇ ಏನು ಮಾಡ್ತಾರೆ ಅಂತ ನೀನೇ ಸಮಾಧಾನ ಹೇಳ್ತಿದ್ದೆ. ನಾನು ಹಣೆಬರಹ ಅಂದುಕೊಂಡು ಕತ್ತರಿ ನಿನ್ನ ಕೈಗೆ ಕೊಟ್ಟು, ಕಿಟಕಿ ಪಕ್ಕದ ಕುರ್ಚಿ ಹಿಡಿದೆ.

ಸರಿ, ಕೈ ನಿಂತಿತಲ್ಲ, ಸುಮ್ಮನೆ ಕೂತಿರೋಳಾ ನಾನು? ಕೆಳಗಿಳಿದು ಕಟಿಂಗ್ ಟೇಬಲ್ ಹತ್ತಿರ ಹೋದೆ. ಯಾವುದೋ ಕೋಟಿನ ಬಟ್ಟೆ ಹಾಸಿದ್ದೆಯಲ್ಲ, ಬೂದು ಬಣ್ಣದ್ದು, ತೋಳಿನ ಅಳತೆ ತಪ್ಪು ಹಾಕಿದ್ದೀಯ, ಅದು ಬೇರೆ ಮಾತು. ಗುರುತು ಹಾಕೋ ಚಾಕ್‌ಪೀಸು ಹಿಡಿದು ಸರಿ ಮಾಡಿ ಕತ್ತರಿ ಎತ್ತಿದೆ. ಬಟ್ಟೆ ಮೇಲೆ ಕತ್ತರಿ ಹೋಗೋ ಸದ್ದು ಎಷ್ಟು ದಿನ ಆಗಿತ್ತು ಕೇಳಿ! ಬಾಯಲ್ಲಿ ಹಾಡು ತಾನಾಗೇ ಬಂತು. ಅಷ್ಟರಲ್ಲಿ ಗುಂಡಿಯಮ್ಮ ಕಾಜಾ ಹಾಕ್ತಿದ್ದ ಶರ್ಟು ಬದಿಗಿಟ್ಟು, ರಿಮೋಟು ಹಿಡಿದು ಎದ್ದು ಬಂದಳು. ಒಂದು ನಿಮಿಷ ಇತ್ತ ತಿರುಗಿ ಅಮ್ಮಾ, ಅಂದಳು. ನಾನು ತಿರುಗಿದೆ. ಅವಳ ಹೆಬ್ಬೆರಳ ಕೆಳಗೆ, ಒಂದು ಒತ್ತುಗುಂಡಿಯ ಮೇಲೆ, ನಮ್ಮ ಹಳದಿ ಚಾಕ್‌ಪೀಸಿನ ಇಂಟು ಗುರುತು ಕಂಡಿತು.

ಅದರ ಅರ್ಥ ನಿನಗೂ ಗೊತ್ತು ಪುಟ್ಟೀ. ನಮ್ಮ ಅಂಗಡಿಯಲ್ಲಿ ಸೊನ್ನೆ ಹಾಕಿದರೆ ಸಡಿಲ ಬಿಡು, ಇಂಟು ಹಾಕಿದರೆ ಒಳಗೆ ಹಿಡಿದು ಬಿಗಿ ಮಾಡು, ಅಂದರೆ ಅಳತೆ ಇಳಿಸು. ಓದು ಬಾರದ ಗುಂಡಿಯಮ್ಮನಿಗೂ ಗೊತ್ತಾಗಲಿ ಅಂತ ಆ ಗುರುತು ಶುರು ಮಾಡಿದ್ದು ನಾನು, ನಿನಗೆ ಕಲಿಸಿದ್ದೂ ನಾನು. ಇದೇನೇ ಅಂದೆ. ಅವಳಿಗೆ ಮುಚ್ಚುಮರೆ ಎಲ್ಲಿ ಬರಬೇಕು? ಚಿಕ್ಕಮ್ಮ ಹೇಳಿದ್ದಾರೆ, ಅಮ್ಮ ಕಟಿಂಗ್ ಟೇಬಲ್ ಹತ್ತಿರ ಬಂದರೆ ಇದನ್ನ ಒತ್ತು, ಕೈ ಸ್ವಲ್ಪ ನಡುಗೋವರೆಗೆ ಒತ್ತು, ಆಮೇಲೆ ಬಿಡು, ಅದೇ ಔಷಧಿ ಅಂತ, ಅಂದುಬಿಟ್ಟಳು. ಅವಳು ನನ್ನ ಒಳ್ಳೆಯದಕ್ಕೇ ಬಂದಿದ್ದಳು, ಅವಳನ್ನ ಬೈಯೋಕಾಗಲಿಲ್ಲ. ರಿಮೋಟು ಕಿತ್ತುಕೊಂಡೆ.

ಮಾರನೇ ದಿನ ಒಬ್ಬಳೇ ಆಸ್ಪತ್ರೆಗೆ ಹೋದೆ. ಯಂತ್ರ ನೋಡಿಕೊಳ್ಳೋ ಹುಡುಗಿ, ಅದೇ ದಪ್ಪ ಕನ್ನಡಕದವಳು, ನನ್ನನ್ನ ನೋಡಿ ನಕ್ಕಳು. ಈ ಸಲ ಇಳಿಸಿಕೊಂಡಿಲ್ಲ, ಭೇಷ್ ಅಂದಳು. ನಾವು ಏರಿಸಿ ಕಳಿಸ್ತೀವಿ, ಮುಂದಿನ ಸಲ ನೋಡಿದರೆ ಇಳಿದಿರುತ್ತೆ, ಅಕ್ಕನಿಗೆ ತಡೆಯೋಕಾಗ್ತಿಲ್ಲ, ಅವಳೇ ಕಡಿಮೆ ಮಾಡಿಸ್ತಾಳೆ ಅಂತ ನಿಮ್ಮ ತಂಗಿ ಪ್ರತಿ ಸಲ ಹೇಳೋದು ಅಂತ. ನಾನು ಹೊರಗೆ ಬೆಂಚಿನ ಮೇಲೆ ಕೂತು, ನಡುಗೋ ಕೈಲಿ ಕೋಟಿನ ಗುಂಡಿ ಹಾಕಿಕೊಳ್ಳೋಕೆ ಒದ್ದಾಡ್ತಿದ್ದಾಗ, ನೀನು ಒಳಗೆ ನಿಂತು ಇದನ್ನ ಹೇಳ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳಿಕೊಳ್ಳಲಿ?

ನಿನ್ನ ವಾದ ನನಗೆ ಗೊತ್ತು. ಕರೆಂಟು ಹೆಚ್ಚಾಗಿ ಅಕ್ಕ ಅತಿಯಾಗಿ ಮಾತಾಡಿದರೆ, ನಿದ್ದೆ ಮಾಡದಿದ್ದರೆ, ಸ್ವಲ್ಪ ಇಳಿಸಿ ಅಂತ ಡಾಕ್ಟರು ಹೇಳಿದ್ದು ನಿಜ. ಮೊದಲಲ್ಲಿ ನಾನು ವಟವಟ ಅಂತಿದ್ದೆ, ಗಿರಾಕಿಗಳ ಹತ್ತಿರ ಜಗಳವಾಡಿದೆ, ಅದೂ ನಿಜ. ಆಗ ಇಳಿಸಿದ್ದರೆ ನಾನೇ ನಿನಗೆ ಶಹಭಾಸ್ ಅನ್ನುತ್ತಿದ್ದೆ. ಆದರೆ ಕಟಿಂಗ್ ಟೇಬಲ್ ಹತ್ತಿರ ಬಂದರೆ ಅಂತ ಯಾವ ಡಾಕ್ಟರು ಹೇಳಿದ್ದು? ಗಿರಾಕಿಗಳು ನಿನ್ನನ್ನ ಮಾಸ್ಟರ್ ಅಂತ ಕರೆಯೋಕೆ ಶುರು ಮಾಡಿದ್ದರು, ಅದು ನಿನಗೆ ಸಿಹಿಯಾಗಿತ್ತು. ನೇರವಾಗಿ ಕೇಳಬಾರದಿತ್ತಾ? ಕೇಳಿದ ತಕ್ಷಣ ಟೇಬಲ್ ಬಿಟ್ಟುಕೊಡ್ತಿದ್ದೆ ಅಂತ ಸುಳ್ಳು ಹೇಳಲ್ಲ. ಜಗಳ ಆಗ್ತಿತ್ತು. ಮನೆ ಮಾಡು ಹಾರೋ ಹಾಗೆ ಆಗ್ತಿತ್ತು. ಆದರೆ ಅದು ಅಕ್ಕ ತಂಗಿಯರ ಜಗಳ ಆಗಿರ್ತಿತ್ತು.

ಒಂದೇ ಒಂದು ವಿಷಯ ನನ್ನನ್ನ ತಿನ್ನುತ್ತಿದೆ. ಚಮಚ ಬಾಯಿಗೆ ಸೇರದೆ ನನ್ನ ಎದೆಯ ಮೇಲೆಲ್ಲ ಚೆಲ್ಲಿದಾಗ ನೀನು ಬೇಸರಿಸದೆ ಒರೆಸ್ತಿದ್ದೆ, ತುತ್ತು ಮಾಡಿ ಉಣ್ಣಿಸ್ತಿದ್ದೆ, ತಲೆ ಬಾಚ್ತಿದ್ದೆ. ಆ ಕೈಯ ಪ್ರೀತಿ ಸುಳ್ಳಲ್ಲ, ಅದನ್ನ ನಾನು ಬಲ್ಲೆ. ನಡುಕ ತರಿಸಿದ್ದೂ ಅದೇ ಕೈ. ಉಣ್ಣಿಸುವಾಗ ಏನಂದುಕೊಳ್ತಿದ್ದೆ ಪುಟ್ಟೀ? ಎಷ್ಟು ಯೋಚನೆ ಮಾಡಿದರೂ ನನಗೆ ತಿಳೀತಿಲ್ಲ.

ಮಗಳಿಗೆ ನನ್ನ ಆಶೀರ್ವಾದ ಹೇಳು, ಕೂಸಿನ ಅಂಗಾಲಿಗೆ ನನ್ನ ಲೆಕ್ಕದಲ್ಲೊಂದು ಮುತ್ತು ಕೊಡು. ಅವರಿಬ್ಬರಿಗೂ ಇದ್ಯಾವುದೂ ಗೊತ್ತಾಗೋದು ಬೇಡ. ಹಾಲೂಡಿಸೋ ಹೆಣ್ಣಿನ ಮನಸ್ಸು ಕಲಕಬಾರದು.

ಇಂತಿ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸೋ ಮುಂಚೆ ಇದೊಂದು. ಎದೆಯ ಬ್ಯಾಟರಿ ಮುಗೀತಾ ಬಂದಿದೆಯಂತೆ, ಬರೋ ವಾರ ಹೊಸದು ಇಡ್ತಾರೆ. ಬದಲಾಯಿಸುವಾಗ ಕರೆಂಟು ನಿಲ್ಲಿಸ್ತಾರೆ, ನಡುಕ ಪೂರ್ತಿ ಬರುತ್ತೆ, ಜೊತೆಗೆ ನಿಮ್ಮವರು ಯಾರಾದರೂ ಇರಬೇಕು, ಯಾರ ಹೆಸರು ಬರೀಲಿ ಅಂತ ಆ ಹುಡುಗಿ ಕೇಳಿದಳು. ಬಾಯಿಗೆ ನಿನ್ನ ಹೆಸರೇ ಬಂತು ಕಣೇ. ಅವಳು ಬರೆದೂ ಬಿಟ್ಟಳು. ಹೊಡೆದು ಹಾಕಮ್ಮ ಅಂದೆ. ಗುಂಡಿಯಮ್ಮ ಬರ್ತಾಳೆ. ನೀನು ಬರಬೇಡ.