ಸೀಸವನ್ನು ಸೀಸೆ ಮಾಡಿದ ಫಲಕ

ಜಲಮಾಲಿನ್ಯ ತಡೆಯಲೆಂದೇ ಇರುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ಹಲಸೂರಿನ ಚರಂಡಿಯ ನೀರು ಪಡುಗಡಲನ್ನು ಸೇರುತ್ತದೆ ಎಂದು ಕಳೆದ ಪತ್ರದಲ್ಲಿ ಬರೆದಿದ್ದೆ. ತಪ್ಪಾಯಿತು, ಕ್ಷಮೆಯಿರಲಿ. ಅದು ಕೆರೆಗಳ ಸಾಲು ಹಿಡಿದು, ದಕ್ಷಿಣ ಪಿನಾಕಿನಿಗಿಳಿದು, ಮೂಡುಗಡಲನ್ನು ಸೇರುತ್ತದೆ. ನಾನು ಕಡಲನ್ನು ತಪ್ಪಾಗಿ ಬರೆದೆ. ತಾವು ಲೋಹವನ್ನೇ ತಪ್ಪಾಗಿ ಬರೆದಿರಿ. ಅದರಿಂದ ಒಬ್ಬ ಹೆಂಗಸಿನ ಕೈ ಹೋಯಿತು.

ನಮ್ಮ ಬೀದಿಯ ಕೊನೆಯಲ್ಲಿ ಮುನಿಆಂಜನಪ್ಪನವರ ತಗಡಿನ ಕೊಟ್ಟಿಗೆಯಿದೆ. ಹಳೆಯ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸದ ತಗಡುಗಳನ್ನು ಚರಂಡಿಯ ಬದಿಯಲ್ಲಿ ತೊಳೆದು ಮಾರುವುದು ಅಲ್ಲಿನ ಕೆಲಸ. ತೊಳೆಯುತ್ತಿದ್ದವರು ಯಾದಗಿರಿಯ ಕಡೆಯಿಂದ ಬಂದ ಸಾಬಮ್ಮ. ಅಲ್ಲೇ ತಮ್ಮ ಕಚೇರಿ ನೆಟ್ಟ ಫಲಕವಿದೆ: “ಇಲ್ಲಿ ಸೀಸೆ ತೊಳೆಯುವುದನ್ನು ನಿಷೇಧಿಸಲಾಗಿದೆ.” ಸೀಸವೆಂದರೆ ನರಗಳನ್ನು ಕೆಡಿಸುವ ಲೋಹ, ಸೀಸೆಯೆಂದರೆ ಬಾಟಲಿ. ಒಂದು ಎತ್ವ ಹೆಚ್ಚಾಗಿದೆ, ಅಷ್ಟೆ.

ಸಾಬಮ್ಮನ ಮಗಳು ರೇವತಿ ಫಲಕವನ್ನು ಓದಿ ಹೇಳಿದಾಗ ಅವರು ಮಾಲೀಕರನ್ನು ವಿಚಾರಿಸಿದರಂತೆ. ಆ ಮಾತುಗಳನ್ನು ರೇವತಿಯೇ ನನಗೆ ಒಪ್ಪಿಸಿದಳು.

“ಯಣ್ಣಾ, ಇಲ್ಲಿ ತೊಳಿಬ್ಯಾಡ್ರಿ ಅಂತ ಬರದಾರಂತಲ್ರೀ?”

“ಸೀಸೆ ಅಂದ್ರೆ ಬಾಟ್ಲಿ ಕಣಮ್ಮ. ಗುಜರಿಯವ್ರಿಗೆ ಹಾಕಿರೋದು. ನೀನೇನು ಬಾಟ್ಲಿ ತೊಳೀತೀಯಾ?”

“ಇಲ್ರೀ ಯಪ್ಪಾ. ನಮ್ಮನ್ಯಾಗ ಬಾಟ್ಲಿ ಖಾಲಿ ಮಾಡಾವ್ರು ಅದಾರ, ತೊಳಿಯಾವ್ರು ಇಲ್ಲ!”

ಇಬ್ಬರೂ ನಕ್ಕರಂತೆ. ತೊಳೆಯುವ ಕೆಲಸ ಮುಂದುವರಿಯಿತು.

ಈಗ ಸಾಬಮ್ಮನ ಬಲಗೈ ಮಣಿಕಟ್ಟಿನಿಂದ ಜೋತುಬಿದ್ದಿದೆ. ರೊಟ್ಟಿಯನ್ನು ರೇವತಿ ಬಡಿಯುತ್ತಾಳೆ. ರಕ್ತದಲ್ಲಿ ಸೀಸವಿದೆ ಎಂದು ವೈದ್ಯರು ತಿಳಿಸಿದ್ದಾರೆ. ಚಿಕಿತ್ಸೆಗೆ ನೆರವು ಕೋರಿದ್ದಕ್ಕೆ ತಮ್ಮ ಉತ್ತರ: “ಕನ್ನಡದಲ್ಲೇ ನೀಡಿದ ಎಚ್ಚರಿಕೆಯನ್ನು ಉಲ್ಲಂಘಿಸಿರುವುದರಿಂದ ಅರ್ಹರಲ್ಲ.” ಯಾವ ಎಚ್ಚರಿಕೆ? ಬಾಟಲಿಯದೇ? ಅದು ಯಾವ ಕನ್ನಡ? ಹಿಂದೆ ಇಂಥದ್ದನ್ನು ಓದಿದರೆ ಕೋಪ ಬರುತ್ತಿತ್ತು. ಈ ಬಾರಿ ಓದಿ ಮಡಿಸಿಟ್ಟೆ.

ಈ ಸೀಸ ಕಡಲಿಗೂ ಹೋಗುತ್ತದೆ ಎಂದಿದ್ದಕ್ಕೆ, ಕಡಲಿನ ಲೋಹಮಾಲಿನ್ಯದ ಮೂಲಗಳು ಬಂದರುಗಳು ಹಾಗೂ ತೀರದ ಕಾರ್ಖಾನೆಗಳೆಂದೂ, ಬೆಂಗಳೂರಿಗೆ ಕಡಲಿಲ್ಲವೆಂದೂ ತಿಳಿವಳಿಕೆ ನೀಡಿದ್ದೀರಿ. ನಿಜ, ಕಡಲಿಲ್ಲ. ಚರಂಡಿಯಿದೆ. ಕಡಲಿನ ಮೀನಿಗೆ ಸೀಸ ಎಲ್ಲಿಂದ ಬಂತೆಂದು ಹುಡುಕುವವರು ನಮ್ಮ ಬೀದಿಯವರೆಗೂ ಬರಬೇಕಾದೀತು.

ಫಲಕದ ಎತ್ವವನ್ನು ಅಳಿಸಿ. ಚರಂಡಿಗೆ ಹರಿಯುವುದನ್ನು ನಿಲ್ಲಿಸಿ. “ಉಲ್ಲಂಘಿಸಿರುವುದರಿಂದ” ಎಂಬ ಪದವನ್ನು ಹಿಂಪಡೆದು ಸಾಬಮ್ಮನಿಗೆ ಚಿಕಿತ್ಸೆ ಕೊಡಿಸಿ.

ಇಂತಿ,
ತಿದ್ದಿ ತಿದ್ದಿ ದಣಿದ,
ಹಲಸೂರಿನ ಒಬ್ಬ ನಿವೃತ್ತ ಕರಡು ತಿದ್ದುಗ

ತಮ್ಮ ಉತ್ತರದಲ್ಲಿ ತಿದ್ದಿಕೊಳ್ಳಬೇಕಾದ ದಿನಾಂಕಗಳು:

ಫಲಕ ನೆಟ್ಟದ್ದು: “೧೨ ಜನವರಿ ೨೦೦೩” ಎಂದಿದೆ. ಅಂದು ಭಾನುವಾರ, ಯಾರೂ ಬಂದಿರಲಿಲ್ಲ. ೫ ಫೆಬ್ರವರಿ ಎಂದಾಗಬೇಕು.

ಸ್ಥಳ ಪರಿಶೀಲನೆ: “೩೦ ಫೆಬ್ರವರಿ” ಎಂದಿದೆ. ಅಂಥ ದಿನವಿಲ್ಲ, ಪರಿಶೀಲನೆಯೂ ನಡೆದಿಲ್ಲ. ಸಾಲನ್ನೇ ತೆಗೆಯುವುದು.

ಸಾಬಮ್ಮನ ಕೈ ಬಿದ್ದದ್ದು: “ಅನ್ವಯಿಸುವುದಿಲ್ಲ” ಎಂದಿದೆ. ೮ ಸೆಪ್ಟೆಂಬರ್ ೨೦೦೩ ಎಂದು ಓದಿಕೊಳ್ಳುವುದು.