ಡೋರತಿ ಕಲಿಸಿದ ಮಾತು

ಎವರ್‌ಗ್ರೀನ್, ಸ್ಯಾನ್ ಹೋಸೆ
ಗುರುವಾರ, ಅಕ್ಟೋಬರ್ 9, 2025

ಶರಣ್ಯಾಳ ಅಪ್ಪನಿಗೆ,

ನಮಸ್ಕಾರ. ಬೇರೆ ಮನೆ ಮಾಡಿಕೊಂಡಿರುವ ಗಂಡನಿಗೆ ಪತ್ರವನ್ನು ಹೇಗೆ ಶುರು ಮಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ. ಈ ಹೆಸರಿಗಾದರೂ ನಿಮ್ಮ ತಕರಾರು ಇರಲಾರದು ಎಂದು ಹೀಗೆ ಬರೆದೆ.

ಭಾನುವಾರ ನಾನು ಫೋನನ್ನು ಥಟ್ಟನೆ ಇಟ್ಟದ್ದು ಕೋಪದಿಂದಲ್ಲ. ಶಿಕಾಗೊ ಕೆಲಸಕ್ಕೆ ಶರಣ್ಯಾ ಏನೆಂದಳು ಎಂದು ನೀವು ಕೇಳಿದಿರಿ. ಅವಳು ಮೆಟ್ಟಿಲ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದಳು. ಹಳೆಯ ಅಭ್ಯಾಸ ನೋಡಿ, ಅವಳಿಗೆ ತಿಳಿಯದಿರಲೆಂದು ನಾನು ಡೋರತಿ ಭಾಷೆಗೆ ಹೊರಳಿ, ಕಿಡ್ಡು ಸ್ಕಿಡೂ ಮಾಡಲ್ಲವಂತೆ ಎಂದೆ. ಅವಳು ತಲೆ ಕೂಡ ಎತ್ತಲಿಲ್ಲ. "ಐ ಕಾಂಟ್ ಸ್ಕಿಡೂ, ಅಮ್ಮಾ. ನೀನು ಫ್ರೀವೇನಲ್ಲಿ ಡ್ರೈವ್ ಮಾಡೋದೇ ಇಲ್ಲ" ಎಂದಳು. ಆಗಲೇ ನಾನು ಫೋನಿಟ್ಟದ್ದು.

ಹೇವರ್ಡ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯ ಡೋರತಿಗೆ ಆಗಲೇ ತೊಂಬತ್ತರ ಹತ್ತಿರ. ಹರೆಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. ಆ ಕಾಲದ ಪಡ್ಡೆಮಾತುಗಳನ್ನು ಕೊನೆಯವರೆಗೂ ಬಿಡಲಿಲ್ಲ. ದುಡ್ಡೆಂದರೆ ಮಜೂಮಾ. ಬುರುಡೆ ಮಾತೆಂದರೆ ಆ್ಯಪಲ್‌ಸಾಸ್. ತಲೆ ತಿನ್ನುವವನು ಫ್ಲ್ಯಾಟ್ ಟೈರು. ಜಾಗ ಖಾಲಿ ಮಾಡುವುದು ಸ್ಕಿಡೂ. ಗಂಡ ಮುತ್ತಿಡಲು ಬಂದಾಗ ಬೇಡವೆನಿಸಿದರೆ ಬ್ಯಾಂಕು ಮುಚ್ಚಿದೆ ಎನ್ನಬೇಕೆಂದು ನನ್ನ ಕಿವಿಯಲ್ಲಿ ಹೇಳಿ ಕಣ್ಣು ಮಿಟುಕಿಸಿದ್ದಳು. ಹೊಸದಾಗಿ ಬಂದ ನಾವಿಬ್ಬರು ಅಮೆರಿಕದವರೆಲ್ಲ ಹೀಗೇ ಮಾತಾಡುತ್ತಾರೆಂದು ನಂಬಿಬಿಟ್ಟೆವು. ನೀವಂತೂ ಮೀಟಿಂಗಿನಲ್ಲಿ ಮ್ಯಾನೇಜರನ ಪ್ಲ್ಯಾನನ್ನು ಆ್ಯಪಲ್‌ಸಾಸ್ ಎಂದು ಬಂದಿರಿ. ಎಪ್ಪತ್ತು ವರ್ಷದ ಹಳೆಯ ಮಾತೆಂದು ಆಗಲೇ ನಮಗೆ ಗೊತ್ತಾದದ್ದು. ಆವತ್ತು ರಾತ್ರಿ ಇಬ್ಬರೂ ನಕ್ಕ ನಗು ನನಗೆ ಇನ್ನೂ ಕೇಳಿಸುತ್ತದೆ.

ಮೈಸೂರಿನಲ್ಲಿ ನಮ್ಮ ಅಪ್ಪ ಅಮ್ಮ ಮಕ್ಕಳಿಗೆ ತಿಳಿಯಬಾರದ್ದನ್ನು ಇಂಗ್ಲಿಷಿನಲ್ಲಿ ಆಡಿಕೊಳ್ಳುತ್ತಿದ್ದರು. ಇಲ್ಲಿ ಇಂಗ್ಲಿಷು ಶರಣ್ಯಾಳದೇ ಭಾಷೆ, ಕನ್ನಡ ಆಡಲು ಸಂಕೋಚಪಟ್ಟರೂ ಪೂರ್ತಿ ತಿಳಿಯುತ್ತಿತ್ತು. ಹಾಗಾಗಿ ಡೋರತಿ ತೀರಿಕೊಂಡ ಮೇಲೂ ಅವಳ ಮಾತು ನಮ್ಮ ಮನೆಯಲ್ಲಿ ಉಳಿಯಿತು. ಮೊದಮೊದಲು ಹುಟ್ಟುಹಬ್ಬದ ಗುಟ್ಟಿಗೆ, ಆಮೇಲಾಮೇಲೆ ಜಗಳಕ್ಕೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಯಾವಾಗಿನಿಂದ ಇದೆಲ್ಲ ತಿಳಿಯುತ್ತಿತ್ತು ಎಂದು ಭಾನುವಾರವೇ ಮಗಳನ್ನು ಕೇಳಿದೆ. ಸೆಕೆಂಡ್ ಗ್ರೇಡಿನಿಂದ ಎಂದಳು. ಫ್ಲ್ಯಾಟ್ ಟೈರು ಅಂದಾಗಲೆಲ್ಲ ನಿಮ್ಮ ಸ್ನೇಹಿತ ವಾಸುದೇವ ಊಟಕ್ಕೆ ಬರುತ್ತಿದ್ದರಂತೆ, ಕಾರು ಮಾತ್ರ ಚೆನ್ನಾಗಿಯೇ ಓಡುತ್ತಿತ್ತಂತೆ. "ಅದು ಇಂಗ್ಲಿಷೇ ಅಲ್ವಾ ಅಮ್ಮಾ" ಎಂದು ನಕ್ಕಳು. ನಾನೂ ನಕ್ಕೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು, ಆದರೆ ನಾನು ಇನ್ನೂ ಕೆದಕಿದೆ.

ಅವಳು ಸೆವೆಂತ್ ಗ್ರೇಡಿನಲ್ಲಿದ್ದ ವರ್ಷ ದೀಪಾವಳಿಯ ಮರುದಿನ ಅಡುಗೆಮನೆಯಲ್ಲಿ ಆದ ಜಗಳ ನಿಮಗೆ ನೆನಪಿದೆಯೋ ಇಲ್ಲವೋ. ಅವಳಿಗೆ ಅಕ್ಷರಶಃ ನೆನಪಿದೆ. ಕಿಡ್ಡು ಮನೆಯಲ್ಲಿ ಇರೋವರೆಗೆ ಇರ್ತೀನಿ, ಆಮೇಲೆ ಸ್ಕಿಡೂ ಎಂದಿರಂತೆ ನೀವು. ಧಾರಾಳವಾಗಿ ಹೋಗಿ, ಮಜೂಮಾ ಇಟ್ಟು ಹೋಗಿ ಎಂದೆನಂತೆ ನಾನು. ಅವಳು ಪಕ್ಕದಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ತಾನು ಮನೆ ಬಿಡದಿದ್ದರೆ ಅಪ್ಪನೂ ಬಿಡುವುದಿಲ್ಲ ಎಂದು ಆ ಮಗು ಅಲ್ಲೇ ತೀರ್ಮಾನ ಮಾಡಿಕೊಂಡಿತು.

ಶಿಕಾಗೊ ಕಾಲೇಜಿನಲ್ಲಿ ಸೀಟು ಸಿಕ್ಕರೂ ಬೇಡವೆಂದು ಹೇವರ್ಡ್‌ನ ಕಾಲೇಜಿಗೆ ಸೇರಿ ದಿನಾ ಮನೆಯಿಂದ ಓಡಾಡಿದ್ದು ಅದಕ್ಕೇ. ಮಗಳು ಅಮ್ಮನ ಕೈ ಅನ್ನ ಬಿಟ್ಟಿರಲಾರಳು ಎಂದು ನಾನು ಗೆಳತಿ ಶೈಲಜಾಳ ಎದುರು ಜಂಬ ಕೊಚ್ಚಿಕೊಂಡೆ. ಓದು ಮುಗಿದ ಬೇಸಿಗೆಯಲ್ಲಿ ನೀವು ಮಿಲ್ಪಿಟಾಸ್‌ಗೆ ಹೊರಟಾಗ ಅವಳೇ ನಿಮ್ಮ ಪೆಟ್ಟಿಗೆಗಳನ್ನು ಕಾರಿಗೆ ಇಟ್ಟಳು. ಎಷ್ಟು ತಿಳಿವಳಿಕಸ್ಥೆ ಎಂದು ನೀವು ಮೆಚ್ಚಿಕೊಂಡಿರಿ. ತಾನಿನ್ನೂ ಮನೆಯಲ್ಲೇ ಇದ್ದರೂ ಅಪ್ಪ ಯಾಕೆ ಹೊರಟರು, ತಾನು ಮಾಡಿದ ತಪ್ಪೇನು ಎಂದು ಅವಳು ಆವತ್ತು ಯೋಚಿಸುತ್ತಿದ್ದಳಂತೆ. ಇದನ್ನು ಹೇಳುವಾಗ ಅವಳು ಅಳಲಿಲ್ಲ. ನನಗೆ ತಡೆಯಲಾಗಲಿಲ್ಲ.

ನಿಮ್ಮೊಬ್ಬರ ಮೇಲೆ ಹೊರಿಸಲು ಇದನ್ನು ಬರೆಯುತ್ತಿಲ್ಲ. ಬಾಯಿ ನಮ್ಮಿಬ್ಬರದೂ ಇತ್ತು. ಜಗಳವಾಡಿದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ, ಅದು ಯಾರ ಮನೆಯಲ್ಲಿಲ್ಲ. ಅವಳ ಎದುರೇ ಆಡಿ, ಅವಳು ಅಲ್ಲಿಲ್ಲವೆಂದುಕೊಂಡೆವಲ್ಲ, ಅದು ನನ್ನನ್ನು ತಿನ್ನುತ್ತಿದೆ.

ಈಗ ಅದೇ ಶಿಕಾಗೊ ಎರಡನೆಯ ಸಲ ಕರೆಯುತ್ತಿದೆ. ಸೋಮವಾರದೊಳಗೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಅವಳು ಆಗಲೇ ಬೇಡವೆಂದು ನಿರ್ಧರಿಸಿದ ಹಾಗಿದೆ. ಅಪ್ಪನನ್ನು ಹಿಡಿದಿಡಲು ಒಮ್ಮೆ ಉಳಿದಳು, ಈಗ ನನ್ನನ್ನು ಕಾಯಲು ಉಳಿಯುತ್ತಾಳೆ. ನೀವು ಹೋದ ಮೇಲೆ ನಾನು ಫ್ರೀವೇ ಹತ್ತಿಲ್ಲ, ಗ್ರೋಸರಿಗೂ ದೇವಸ್ಥಾನಕ್ಕೂ ಅವಳೇ ಕರೆದುಕೊಂಡು ಹೋಗುತ್ತಾಳೆ. ಅವಳು ಹೋದರೆ ನನಗೇನೂ ತೊಂದರೆಯಿಲ್ಲ ಎಂದು ಸಾರಿ ಸಾರಿ ಹೇಳಿದೆ. ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ. ಸಂಧಾನದ ಊಟವೆಂದು ಹೆದರಬೇಡಿ, ಮಾಡುವುದು ಬರೀ ಸಾರು, ಪಲ್ಯ. ನೀವು ಮನೆ ಬಿಟ್ಟದ್ದು ಅವಳಿಂದಲ್ಲ, ನಮ್ಮ ಸಂಸಾರವನ್ನು ನಿಲ್ಲಿಸುವುದು ಅವಳ ಕೆಲಸವೇ ಆಗಿರಲಿಲ್ಲ ಎಂದು ನೀವು ಹೇಳಬೇಕು. ನಾನು ಹೇಳಿದರೆ ಸಮಾಧಾನದ ಮಾತೆಂದುಕೊಳ್ಳುತ್ತಾಳೆ, ಹೊರಟವರು ಹೇಳಿದರೆ ನಂಬುತ್ತಾಳೆ. ಡೋರತಿ ಭಾಷೆ ಬೇಡ. ನೆಟ್ಟಗೆ ಕನ್ನಡದಲ್ಲಿ, ಅವಳ ಮುಖ ನೋಡಿ ಹೇಳಿ.

ಮೆಸೇಜು ಮಾಡೋಣವೆಂದರೆ ನನ್ನ ಫೋನನ್ನು ಸರಿಮಾಡಿಕೊಡುವವಳು ಅವಳೇ. ಮಾತು ತಿಳಿದರೂ ಕನ್ನಡ ಅಕ್ಷರ ಅವಳಿಗೆ ಬಾರದು, ಅದಕ್ಕೇ ಕೈಬರಹ. ನಾಳೆ ನಾನೇ 680 ಫ್ರೀವೇ ಹತ್ತಿ ಬಂದು ಇದನ್ನು ನಿಮ್ಮ ಅಂಚೆಪೆಟ್ಟಿಗೆಗೆ ಹಾಕುತ್ತೇನೆ. ಇದು ನಿಮ್ಮ ಕೈ ಸೇರಿದರೆ ನಾನು ಓಡಿಸಬಲ್ಲೆನೆಂದು ಅರ್ಥ. ಅದನ್ನೂ ಅವಳಿಗೆ ಹೇಳಿ.

ದಾರಿ ನೋಡುತ್ತಿರುವ,
ಶರಣ್ಯಾಳ ಅಮ್ಮ
ಪದ್ಮಜಾ

ತಾ.ಕ.: ಅವಳು ಹೋದರೆ ನನಗೇನೂ ತೊಂದರೆಯಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಶುದ್ಧ ಆ್ಯಪಲ್‌ಸಾಸ್. ಭಾನುವಾರ ನಾನು ನಗುನಗುತ್ತಲೇ ಬಡಿಸುತ್ತೇನೆ, ನೀವು ನನ್ನ ಮುಖ ಮಾತ್ರ ನೋಡಬೇಡಿ. ಓದಿದ ಮೇಲೆ ಈ ಕಾಗದವನ್ನು ಹರಿದುಹಾಕಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲವೆಂದು ನಂಬಿದ್ದೇನೆ, ಡೋರತಿ ಮಾತು ತಿಳಿಯುವುದಿಲ್ಲವೆಂದು ನಂಬಿದ್ದ ಹಾಗೆಯೇ.